ಬಡವಿ ಎನಿಸಿಕೊಳ್ಳುವ ಬಗೆ

ಯುದ್ಧದ ಕಾಲದಲ್ಲಿ ಚನ್ನರಾಯಪಟ್ಟಣದ ನಾವು ಕೆಲವು ಹೆಂಗಸರು ಒಂದು ಸೇವಾ ಸಂಘ ಕಟ್ಟಿಕೊಂಡಿದ್ದೆವು. ತೆಂಗಿನ ತೋಟದ ಸಾಹುಕಾರರ ಮನೆಗಳಿಂದ ರಾಗಿ ಎತ್ತಿ, ಇಲ್ಲದವರಿಗೆ ವಾರವಾರ ಹಂಚುವುದು ನಮ್ಮ ಕೆಲಸ. ಕೊಡುವ ಮೊದಲು ಮನೆ ನೋಡಿ ಬರಬೇಕೆಂಬುದು ಅಧ್ಯಕ್ಷಿಣಿಯವರ ಕಟ್ಟಪ್ಪಣೆ. ಹೆಣ್ಣು ನೋಡಲು ಹೋದವರೂ ಅಷ್ಟು ಕೆದಕಿ ನೋಡುತ್ತಿರಲಿಲ್ಲ ಬಿಡಿ.

ಹಿರೀಸಾವೆಯಲ್ಲಿ ಒಬ್ಬಾಕೆ ರಾಗಿ ಕೇಳಿದ್ದಳು. ಗಂಡ ಚಳಿಜ್ವರದಿಂದ ಮೂಲೆ ಹಿಡಿದಿದ್ದ, ಮಕ್ಕಳಿನ್ನೂ ಸಣ್ಣವು. ನಾವು ಮೂವರು ಹೋದೆವು. ಅಧ್ಯಕ್ಷಿಣಿಯವರು ಮಡಕೆಗಳೊಳಗೆ ಇಣುಕುತ್ತಿರುವಾಗ ಆಕೆ ಹಿತ್ತಲಿಗೆ ಹೋದಳು. "ಮೂರು ಕಾಯಿ ಇದ್ರೆ ಕೊಡಕ್ಕಾ, ಮುತ್ತೈದೇರು ಬಂದವ್ರೆ" ಎಂದು ಪಕ್ಕದ ಮನೆಯವಳನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹೊರಡುವಾಗ ನಮ್ಮ ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆಯೊಂದಿಗೆ ಒಂದೊಂದು ತೆಂಗಿನಕಾಯಿಯನ್ನು ಸೆರಗಿಗೆ ಹಾಕಿದಳು. ಅಷ್ಟು ಹೊತ್ತು ಕುಗ್ಗಿ ನಿಂತಿದ್ದವಳ ಮುಖ ಆಗ ಅರಳಿತ್ತು.

ಸಭೆಯಲ್ಲಿ ಅಧ್ಯಕ್ಷಿಣಿಯವರು, "ಕೈತುಂಬ ಕಾಯಿ ಕೊಡುವವಳಿಗೆ ನಮ್ಮ ರಾಗಿ ಬೇಕೇ?" ಎಂದರು. ಅದು ಕಡ ತಂದದ್ದೆಂದು ನಾನು ಜಗಳಕ್ಕೆ ನಿಂತೆ. "ಕಡ ಕೊಡುವವರಿದ್ದಾರಲ್ಲ, ಮತ್ತೆ ನಾವೇಕೆ?" ಎಂದು ನಕ್ಕರು. ಸುತ್ತ ಕೂತವರು ಹೂಂಗುಟ್ಟಿದರು. ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸಿದರೆ ಇವರ ಅತ್ತೆಯಂದಿರು ಸುಮ್ಮನಿರುತ್ತಿದ್ದರೇ? ಬಡವರ ಮನೆಯಲ್ಲಿ ಮಾತ್ರ ರಾಗಿಯ ಜೊತೆಗೆ ಮರ್ಯಾದೆಯೂ ಮುಗಿದಿರಬೇಕು. ನನ್ನ ಬಾಯಿ ತಡೆಯಲಾರದೆ, ಕೊನೆಗೆ ಅಧ್ಯಕ್ಷಿಣಿಯವರು ಇನ್ನೊಂದು ಸಲ ಹೋಗಿ ನೋಡೋಣ ಎಂದರು.

ಅದಕ್ಕೆ ಮುಂಚೆ ನಾನೊಬ್ಬಳೇ ಬಸ್ಸು ಹತ್ತಿ ಹೋಗಿ ಆಕೆಗೆ ಹೇಳಿದೆ: "ಈ ಸಲ ಏನೂ ಕೊಡಬೇಡಮ್ಮ. ಕುಂಕುಮವನ್ನೂ ಇಡಬೇಡ. ಕೊಟ್ಟರೆ ರಾಗಿ ಸಿಕ್ಕುವುದಿಲ್ಲ."

"ಕುಂಕ್ಮನೂ ಇಕ್ದೆ ಅಂಗೇ ಕಳ್ಸಾದಾ? ಅದೆಂಗಾಯ್ತದವ್ವಾ?" ಎಂದಳು. ಆಮೇಲೆ ಮಕ್ಕಳ ಕಡೆ ನೋಡಿ, "ಆಗ್ಲಿ ಬುಡವ್ವಾ" ಎಂದಳು.

ಎರಡನೆಯ ಸಲ ನಾವು ಎದ್ದಾಗ ಆಕೆಯ ಕೈ ತಾನಾಗಿಯೇ ಕುಂಕುಮದ ಗೂಡಿನತ್ತ ಹೋಯಿತು. ನನ್ನ ಮುಖ ಕಂಡವಳೇ ಕೈ ಹಿಂದಕ್ಕೆ ತೆಗೆದಳು. ಬಾಗಿಲವರೆಗೂ ಬರಲಿಲ್ಲ, ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು.

ಜಗಲಿ ಇಳಿಯುತ್ತ ಅಧ್ಯಕ್ಷಿಣಿಯವರು, "ನೋಡಿದಿರಾ, ಈಗ ಕಂಡಳು ನಿಜವಾದ ಬಡವಿ" ಎಂದರು, ಆಕೆಗೂ ಕೇಳಿಸುವ ಹಾಗೆ. ವಾರವಾರ ರಾಗಿ ಕೊಡಲು ಅಲ್ಲೇ ಒಪ್ಪಿದರು. ಗೆದ್ದವಳು ನಾನೇ, ಆದರೆ ರಾಗಿ ಕೊಡುವ ದಿನ ಆಕೆಗೆ ಮುಖ ತೋರಿಸಲು ನಾಚಿಕೆಯಾಗಿ ಬೇರೆಯವರನ್ನು ಕಳಿಸಿದೆ.