ಗಾಲಿ ಮೇಲಿನ ಬಂಬ

ನಮ್ಮ ಮನೆಯ ಎದುರಿನ ಸೈಟಿನಲ್ಲಿ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಅದರ ಕಾವಲಿಗೆ ಬಂದಿರುವ ಗಂಡ ಹೆಂಡತಿ ಬೆಳಗಿನ ಜಾವ ಮೂರು ಕಲ್ಲು ಹೂಡಿ ನೀರು ಕಾಯಿಸುತ್ತಾರೆ. ಮೊನ್ನೆ ಗೇಟಿಗೆ ಸಿಕ್ಕಿಸಿದ್ದ ಹಾಲಿನ ಪಾಕೀಟು ತೆಗೆದುಕೊಂಡವಳು ಅಲ್ಲೇ ನಿಂತುಬಿಟ್ಟೆ. ಅವರು ಒಲೆಗೆ ಹಾಕಿದ್ದು ಮೆಕ್ಕೆಜೋಳದ ಬೆಂಡು. ಕಾಳು ಬಿಡಿಸಿದ ಮೇಲೆ ಉಳಿಯುವ ಆ ಬೆಂಡು ಉರಿಯುವಾಗ ಒಂದು ವಾಸನೆ ಬರುತ್ತದೆ ನೋಡಿ, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಮೂಗಿಗೆ ಅದು ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ದೇವರಾಜ ಅರಸು ಬಡಾವಣೆಯ ರಸ್ತೆಯಲ್ಲಿ ಹಾಲಿನ ಪಾಕೀಟು ಹಿಡಿದು ಒಬ್ಬಳೇ ನಗುವ ಹೆಂಗಸನ್ನು ಕಂಡು ಆ ಕಾವಲಿನವನು ಏನಂದುಕೊಂಡನೋ. ಅವನಿಗೆ ಹೇಳಲಾಗಲಿಲ್ಲ, ನಿಮಗಾದರೂ ಕಾರಣ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮದುವೆಯಾಗಿ ಪಿ.ಜೆ. ಬಡಾವಣೆಯ ಹಳೆಯ ಮನೆಗೆ ಹೊಸದಾಗಿ ಬಂದಿದ್ದೆ. ಹರಿಹರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಮಾವನವರದು ಜವಳಿ ವ್ಯಾಪಾರ. ಅಂಗಡಿಯನ್ನು ಇಬ್ಬರು ಗಂಡುಮಕ್ಕಳಿಗೆ, ಅಂದರೆ ನನ್ನ ಯಜಮಾನರಿಗೂ ಮೈದುನನಿಗೂ, ಆಗತಾನೇ ಒಪ್ಪಿಸಿದ್ದರು. ಒಪ್ಪಿಸಿದ್ದರು ಅಂದರೆ ದಿನಕ್ಕೆ ಎರಡು ಸಲ ಹೋಗಿ ತಪ್ಪು ಹುಡುಕಿ ಬರುತ್ತಿದ್ದರು.

ಆ ಮನೆಯಲ್ಲಿ ನೀರು ಕಾಯಿಸಲು ತಾಮ್ರದ ಬಂಬವಿತ್ತು. ನೋಡದವರಿಗೆ ಹೇಳಬೇಕೆಂದರೆ, ಎದೆಮಟ್ಟದ ಒಂದು ತಾಮ್ರದ ಪೀಪಾಯಿ. ನಡುವೆ ಹೊಗೆಯ ಕೊಳವೆ, ತಳದಲ್ಲಿ ಒಲೆ, ಅದಕ್ಕೆ ಉರುವಲು ಇದೇ ಮೆಕ್ಕೆಜೋಳದ ಬೆಂಡು. ಇದರದು ಪಕ್ಕಾ ವ್ಯಾಪಾರಸ್ಥರ ಬುದ್ಧಿ, ನಾವು ಕೊಡದೆ ತಾನು ಏನನ್ನೂ ಕೊಡುವುದಿಲ್ಲ. ಮೇಲಿನ ಬಾಯಿಗೆ ಒಂದು ತಂಬಿಗೆ ತಣ್ಣೀರು ಸುರಿದರೆ ಮಾತ್ರ ಪಕ್ಕದ ನಳಿಗೆಯಿಂದ ಒಂದು ತಂಬಿಗೆ ಬಿಸಿನೀರು ಬೀಳುತ್ತದೆ. ನಮ್ಮ ಬಂಬ ಬಚ್ಚಲ ಗೋಡೆಯ ಹೊರಗೆ, ಹಿತ್ತಲಲ್ಲಿ ನಿಂತಿತ್ತು. ನಳಿಗೆಯೊಂದೇ ಗೋಡೆ ತೂರಿ ಒಳಗೆ ಬಂದಿತ್ತು. ಒಳಗಿದ್ದವರು "ಹಾಕು" ಅಂದರೆ ಹೊರಗಿದ್ದವರು ಸುರಿಯಬೇಕು, "ಸಾಕು" ಅಂದರೆ ನಿಲ್ಲಿಸಬೇಕು. ಹಾಗೆ ಹೊರಗೆ ನಿಂತು ಸುರಿಯುವುದು ಅತ್ತೆಯ ಕೆಲಸ. ನಾನೂ ಒಮ್ಮೆ ಹೊಸ ಸೊಸೆಯ ಉತ್ಸಾಹದಲ್ಲಿ ಒಲೆ ಹಚ್ಚಲು ಹೋಗಿ ಒಂದು ಹುಬ್ಬಿನ ತುದಿ ಸುಟ್ಟುಕೊಂಡೆ. ಆ ವಾರವಿಡೀ ಶಾಲೆಯಲ್ಲಿ ನಾನು ಯಾವುದೋ ವಿಷಯಕ್ಕೆ ಅರ್ಧ ಆಶ್ಚರ್ಯಪಟ್ಟವಳಂತೆ ಕಾಣುತ್ತಿದ್ದೆ. ಅಂದಿನಿಂದ ಅತ್ತೆ ನನ್ನನ್ನು ಬಂಬದ ಹತ್ತಿರ ಬಿಟ್ಟುಕೊಳ್ಳಲಿಲ್ಲ. "ನೀ ಜಳಕ ಮಾಡಿ ಬಸ್ ಹಿಡಿಯಮ್ಮ, ಇದು ನಿನ್ನ ಕೈಲಾಗೋದಲ್ಲ" ಅಂದರು. ನನಗೂ ಅದೇ ಬೇಕಾಗಿತ್ತು.

ಮಾವನವರಿಗೆ ಒಂದು ಹಳೆಯ ಕೊರಗು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹಂಪಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ಮಕ್ಕಳು ದೊಡ್ಡವರಾದರು, ಸೊಸೆ ಬಂದಳು, ಹಂಪಿ ಇದ್ದಲ್ಲೇ ಇತ್ತು. ಈಗ ಪುರುಸೊತ್ತು ಸಿಕ್ಕಿದೆ ಅಂದರೆ ಅತ್ತೆ ಒಪ್ಪರು. ಬಿಸಿನೀರಿನ ಜಳಕವಾಗಿ ಲಿಂಗಪೂಜೆ ಮುಗಿಯುವ ತನಕ ಅವರು ತೊಟ್ಟು ನೀರನ್ನೂ ಮುಟ್ಟುವವರಲ್ಲ. ಹಿಂದೊಮ್ಮೆ ಯಾವುದೋ ಊರಿನ ಲಾಡ್ಜಿನಲ್ಲಿ ಬಿಸಿನೀರು ಈಗ ಬರುತ್ತೆ, ಆಗ ಬರುತ್ತೆ ಅನ್ನುತ್ತಾ ಮಧ್ಯಾಹ್ನ ಮಾಡಿದ್ದರು. ಅತ್ತೆ ಉಪವಾಸ ಕೂತಿದ್ದರು. ಮಾವ ಕೆಳಗೆ ಹೋಗಿ ಇಡ್ಲಿ ತಿಂದು ಬಂದಿದ್ದರು. ತಿಂದದ್ದಕ್ಕಿಂತ ದೊಡ್ಡ ತಪ್ಪೆಂದರೆ ವಾಪಸು ಬಂದು "ಚಟ್ನಿ ಬಾಳ ಚಲೋ ಇತ್ತು" ಅಂದದ್ದು. ಆ ಚಟ್ನಿ ಆ ಮನೆಯಲ್ಲಿ ಎಂದೂ ಹಳಸಲಿಲ್ಲ. ಹಂಪಿಯ ಮಾತೆತ್ತಿದಾಗಲೆಲ್ಲ ಅತ್ತೆ ಅದನ್ನೇ ಬಡಿಸುತ್ತಿದ್ದರು.

ಮನೆಯ ಪಕ್ಕದಲ್ಲಿ ಒಂದು ಸಣ್ಣ ಟ್ರೇಲರ್ ಬಿದ್ದಿತ್ತು. ಹಿಂದೆ ಮಲೆಬೆನ್ನೂರು ಸಂತೆಗೆ ಬಟ್ಟೆಯ ಗಂಟು ಸಾಗಿಸಲು ಜೀಪಿನ ಹಿಂದೆ ಕಟ್ಟುತ್ತಿದ್ದ ಎರಡು ಗಾಲಿಯ ಡಬ್ಬಿ. ಒಂದು ದಿನ ಮಾವ ಅದರ ಸುತ್ತ ಮೂರು ಸಲ ಸುತ್ತಿ, ಗಾಲಿಗೊಂದು ಒದೆ ಕೊಟ್ಟು ನೋಡಿ, ಜೀಪಿಗೆ ಕಟ್ಟಿಕೊಂಡು ಹರಿಹರಕ್ಕೆ ಹೊರಟರು. ಅಲ್ಲಿ ವೆಲ್ಡಿಂಗ್ ಗ್ಯಾರೇಜಿನ ಮೆಹಬೂಬ್ ಸಾಬರು ಅವರ ಹಳೆಯ ಗೆಳೆಯರು. ಆಗದು ಅನ್ನುವ ಪದ ಇಬ್ಬರಿಗೂ ಗೊತ್ತಿಲ್ಲ, ಹೀಗಾಗಿ ಇಬ್ಬರ ಕೈಗೆ ಸಿಕ್ಕ ಸಾಮಾನು ಒಂದೂ ನೆಟ್ಟಗಿರುತ್ತಿರಲಿಲ್ಲ. ಟ್ರೇಲರಿಗೆ ತಗಡಿನ ಮಾಡು ಬಂತು, ಎರಡು ಹಲಗೆ ಮಂಚ ಬಂತು, ಪೂಜೆಗೊಂದು ಗೂಡು ಬಂತು, ಅಂಗಡಿಯ ತುಂಡು ಬಟ್ಟೆಯ ಪರದೆಗಳು ಬಂದವು. ಉಳಿದದ್ದು ಬಿಸಿನೀರು ಮಾತ್ರ.

ಮೊದಲು ಜೀಪಿನ ಬ್ಯಾಟರಿಗೆ ಕಾಯಿಲ್ ಸಿಕ್ಕಿಸಿ ನೋಡಿದರು. ನೀರು ಕಾಯಲಿಲ್ಲ, ಜೀಪು ಮಾತ್ರ ತಣ್ಣಗಾಯಿತು. ಬೀದಿಯವರೆಲ್ಲ ಸೇರಿ ನೂಕಬೇಕಾಯಿತು. ಆಮೇಲೆ ಮಾಡಿನ ಮೇಲೆ ಕಪ್ಪು ಬಳಿದ ಡ್ರಮ್ಮು ಇಟ್ಟರು. ಬಿಸಿಲಿಗೆ ನೀರು ಕುದಿಯಿತು, ಸುಳ್ಳಲ್ಲ. ಆದರೆ ಮಧ್ಯಾಹ್ನ.

"ನಾ ಮುಂಜಾನಿಗೇ ಜಳಕ ಮಾಡಾಕಿ. ನಿಮ್ಮ ಡ್ರಮ್ಮಿಗಾಗಿ ಸೂರ್ಯಪ್ಪನ್ನ ಬೇಗ ಎಬ್ಬಸ್ತೀರೇನು?" ಅಂದರು ಅತ್ತೆ.

ಕೊನೆಗೆ ಮೆಹಬೂಬ್ ಸಾಬರು ತೊಡೆ ತಟ್ಟಿ ಅಂದರಂತೆ: "ಸಾಹುಕಾರ್ರೆ, ಯಾಕ ತಲಿ ಕೆಡಿಸ್ಕೊಂತೀರಿ? ಮನ್ಯಾಗಿನ ಬಂಬಕ್ಕೆ ಒಂದು ಮರಿ ಮಾಡಿ ಗಾಡಿ ಹಿಂದೆ ಕೂರ್ಸೋಣ. ಏಕದಂ ಫಸ್ಟ್ ಕ್ಲಾಸ್!" ಹಾಗೆ ಒಂದು ಗಿಡ್ಡ ಬಂಬ ಟ್ರೇಲರಿನ ಬೆನ್ನಿಗೆ ಬಂದು ಕೂತಿತು. ಅದರ ನಳಿಗೆಯ ಕೆಳಗೆ, ತಾಡಪಾಲು ಬಿಗಿದ ಪುಟ್ಟ ಬಚ್ಚಲು.

ಅತ್ತೆ ಅದನ್ನೆಲ್ಲ ನೋಡಿ, ಎಲೆ ಅಡಿಕೆ ಮಡಚಿ, ತೀರ್ಪು ಕೊಟ್ಟರು. "ಒಂದು ರಾತ್ರಿ ಹರಿಹರದ ಹೊಳೆ ದಂಡಿಗೆ ಬರ್ತೀನಿ. ಮುಂಜಾನಿ ನನಗೆ ಮನಸಿಗೊಪ್ಪುವಂಗೆ ಬಿಸಿನೀರು ಆತು ಅಂದ್ರೆ ಹಂಪಿಗಲ್ಲ, ಕಾಶಿಗೂ ನಡೀರಿ. ಆಗ್ಲಿಲ್ಲಂದ್ರೆ ಈ ಡಬ್ಬಿ ಗುಜರಿಗೆ ಹೋಗ್ಬೇಕು, ಹಂಪಿ ಸುದ್ದಿ ಮತ್ತ ಎತ್ತಬಾರದು."

ಮಾವ ಒಪ್ಪಿದರು. ಅವರ ಮುಖ ನೋಡಿದರೆ ಅಂಗಡಿಯನ್ನೇ ಪಣಕ್ಕಿಟ್ಟವರ ಹಾಗಿತ್ತು. ನನಗೆ ಪಾಪ ಅನ್ನಿಸಿತು. ಮೀಸೆ ಬೆಳ್ಳಗಾದ ಮೇಲೆ ಹೆಂಡತಿಗೆ ಊರು ತೋರಿಸಲು ಇಷ್ಟು ಒದ್ದಾಡುವ ಗಂಡಸರನ್ನು ನಾನು ಹೆಚ್ಚು ಕಂಡವಳಲ್ಲ.

ಒಂದು ಶನಿವಾರ ಸಂಜೆ ಹೊರಟೆವು. ಜೊತೆಗೊಬ್ಬರು ಹೆಣ್ಣುಮಕ್ಕಳಿರಲಿ ಎಂದು ನನ್ನನ್ನೂ ಹತ್ತಿಸಿಕೊಂಡರು. ಒಲೆ ಎಳೆಯುತ್ತದೋ ಇಲ್ಲವೋ ನೋಡಲು ಮಾವ ಮನೆಯಲ್ಲೇ ಬೆಂಕಿ ಹಚ್ಚಿದ್ದರು, ಆರಿಸುವುದನ್ನು ಮರೆತಿದ್ದರು. ಬೀದಿಯುದ್ದಕ್ಕೂ ಹೊಗೆ ಉಗುಳುತ್ತಾ ಹೋಗುತ್ತಿದ್ದ ನಮ್ಮನ್ನು ಕಂಡು ಯಾರೋ ಕೂಗಿದರು: "ಏ, ಮಂಡಕ್ಕಿ ಭಟ್ಟಿ ಊರು ಬಿಟ್ಟು ಹೊಂಟೈತೆ ನೋಡ್ರೋ!" ಹರಿಹರ ಮುಟ್ಟುವಷ್ಟರಲ್ಲಿ ಒಬ್ಬ ಸೈಕಲ್ಲಿನವನು ಜೊತೆಜೊತೆಗೇ ಬಂದು ಮೆಣಸಿನಕಾಯಿ ಬಜ್ಜಿ ಎಷ್ಟಕ್ಕೆ ಎಂದು ಕೇಳಿದ. ನನ್ನ ಕ್ಲಾಸಿನ ಮಕ್ಕಳು ಯಾರೂ ನೋಡದಿರಲಿ ಎಂದು ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದೆ. ಅತ್ತೆ ಮಾತ್ರ ನೆಟ್ಟಗೆ ಕೂತಿದ್ದರು, ಪಲ್ಲಕ್ಕಿಯಲ್ಲಿ ಕೂತವರ ಹಾಗೆ.

ತುಂಗಭದ್ರೆಯ ದಂಡೆಯಲ್ಲಿ ಮೆಹಬೂಬ್ ಸಾಬರ ಪರಿಚಯದವರ ಹೊಲವೊಂದಿತ್ತು. ಅಲ್ಲೇ ಟ್ರೇಲರ್ ನಿಲ್ಲಿಸಿ, ತಂದ ಬುತ್ತಿ ಬಿಚ್ಚಿ, ಮಲಗಿದೆವು.

ಇನ್ನೂ ಮಬ್ಬಿರುವಾಗಲೇ ನನಗೆ ಎಚ್ಚರವಾಯಿತು. ಹೊರಗೆ ಮಾವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬೆಂಡು ಇಬ್ಬನಿಗೆ ನೆನೆದಿತ್ತು. ಊದಿ ಊದಿ ಕಣ್ಣು ಕೆಂಪಾಗಿ, ಮೀಸೆಯ ತುಂಬ ಬೂದಿ. ಎದ್ದು ಹೋಗಿ ಸಹಾಯ ಮಾಡೋಣವೆಂದರೆ ಅತ್ತೆ ನನ್ನ ರಟ್ಟೆ ಹಿಡಿದು ಕೂರಿಸಿದರು. ಅಂತೂ ಒಲೆ ಹತ್ತಿಕೊಂಡಿತು. ಬಂಬ ಗುಂಯ್ ಎಂದು ಸದ್ದು ಮಾಡತೊಡಗಿತು. ಮಾವ ಮೇಲೆದ್ದು, ಸೊಂಟ ಹಿಡಿದುಕೊಂಡು, ಗೆದ್ದ ಪೈಲ್ವಾನರ ಹಾಗೆ ನಿಂತರು. "ಬಾರೇ, ನೀರು ಸಿದ್ಧ ಐತೆ."

ಅತ್ತೆ ತಾಡಪಾಲಿನ ಒಳಗೆ ಹೋದರು. ಸ್ವಲ್ಪ ಹೊತ್ತಾಯಿತು. ಆಮೇಲೆ ಒಳಗಿನಿಂದ ದನಿ ಬಂತು.

"ಹಾಕ್ರಿ."

"ಏನ್ ಹಾಕ್ಲಿ?"

"ನೀರು."

ಮಾವ ಬಂಬವನ್ನೇ ನೋಡುತ್ತಾ ನಿಂತರು. ನನಗೆ ಆಗಲೇ ಗೊತ್ತಾದದ್ದು. ಕಾಯಿಲು, ಡ್ರಮ್ಮು, ಮರಿ ಬಂಬ ಎಂದು ಎಷ್ಟೆಲ್ಲ ಲೆಕ್ಕ ಹಾಕಿದ ಆ ಇಬ್ಬರು ಗಂಡಸರು, ಸುರಿಯುವವರು ಯಾರು ಎಂದು ಯೋಚಿಸಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಅವರು ಒಳಗೆ ಕೂತು "ಹಾಕು" ಅಂದವರು. ಹೊರಗೆ ಒಬ್ಬರು ನಿಂತಿರುತ್ತಾರೆ ಎನ್ನುವುದು ಅವರ ಲೆಕ್ಕಕ್ಕೆ ಬರುವುದಾದರೂ ಹೇಗೆ? ಬಂಬದ ಬಾಯಿಯೋ, ಟ್ರೇಲರಿನ ಎತ್ತರಕ್ಕೆ ಮಾವನ ತಲೆಗಿಂತ ಮೇಲಿತ್ತು.

ನಾನು ಬಿಂದಿಗೆಗೆ ಕೈ ಹಾಕಿದೆ. ಸದ್ದು ಕೇಳಿ ಒಳಗಿನಿಂದಲೇ ಅತ್ತೆ, "ನೀ ಬ್ಯಾಡಮ್ಮ, ಇರೋ ಹುಬ್ಬೂ ಸುಟ್ಕೊಂಡೀಯ. ಅವ್ರು ಹಾಕ್ತಾರೆ" ಅಂದರು.

ಮಾವ ಪೂಜೆಯ ಸಾಮಾನಿನ ಪೆಟ್ಟಿಗೆ ಕೆಳಗಿಳಿಸಿ ಅದು ಕೂತಿದ್ದ ಸ್ಟೂಲು ತಂದರು. ಪಂಚೆ ಎತ್ತಿ ಕಟ್ಟಿ ಹತ್ತಿದರು. ಒಂದು ತಂಬಿಗೆ ಸುರಿದರು, ಒಳಗೆ ನೀರು ಬಿದ್ದ ಸದ್ದು ಕೇಳಿತು. ಮತ್ತೊಂದು, ಮಗದೊಂದು. ಬಿಂದಿಗೆ ಖಾಲಿಯಾಯಿತು.

"ಸಾಕೇನು?" ಕೇಳಿದರು ಮಾವ, ಏದುಸಿರು ಬಿಡುತ್ತಾ.

"ನಾ ಸಾಕು ಅಂದ್ನೇನ್ರಿ? ಹಾಕ್ರಿ."

ಇನ್ನೊಂದು ಬಿಂದಿಗೆಯೂ ಮುಗಿಯಿತು. ಮಾವ ಕೊಡ ಹಿಡಿದು ಹೊಳೆಗಿಳಿದರು. ತುಂಬಿಕೊಂಡು ಬಂದರು, ಸ್ಟೂಲು ಹತ್ತಿದರು, ಸುರಿದರು. "ಈಗ?" "ಹಾಕ್ರಿ." ಮತ್ತೆ ಹೊಳೆ. ಜವಳಿ ಅಂಗಡಿಯಲ್ಲಿ ಕೂತಲ್ಲಿಂದಲೇ "ಏ, ಕುಡಿಯೋಕೆ ನೀರು ತಾರೋ" ಅನ್ನುತ್ತಿದ್ದ ಸಾಹುಕಾರರು ತುಂಬಿದ ಕೊಡ ಹೊತ್ತು ದಂಡೆ ಹತ್ತಿ ಬರುವುದನ್ನು, ಆಗತಾನೇ ಸೈಕಲ್ಲಿಳಿದ ಮೆಹಬೂಬ್ ಸಾಬರು ಬೇಲಿಯಾಚೆಯಿಂದಲೇ ನೋಡಿ, ತಲೆಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಸದ್ದಿಲ್ಲದೆ ಬಂದ ದಾರಿ ಹಿಡಿದರು. ಅವರ ಮನೆಯಲ್ಲೂ ಒಂದು ಬಂಬ ಇತ್ತು.

ಅತ್ತೆ ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು, ಹೆಗಲಿನಿಂದ ಹಬೆಯಾಡುತ್ತಿತ್ತು. ನೇರ ಪೂಜೆಗೆ ಕೂತರು. ಮುಗಿಸಿ, ನಾನು ಕೊಟ್ಟ ಕಾಫಿ ಒಂದು ಗುಟುಕು ಕುಡಿದು, ಹೊಳೆಯ ಕಡೆ ನೋಡುತ್ತಾ ಅಂದರು: "ಬಿಸಿನೀರು ಅಂದ್ರೆ ಹಿಂಗಿರ್ತೈತೆ ಅನ್ನು."

"ಯಾಕೆ ಅತ್ತೆ, ಮನೆಯಲ್ಲಿ ದಿನಾ ಮಾಡ್ತೀರಲ್ಲ?" ಅಂದೆ ನಾನು, ದಡ್ಡಿಯ ಹಾಗೆ.

"ಮನ್ಯಾಗೆ ನಂದು ಕಡೀ ಪಾಳಿ ಅಲ್ಲೇನಮ್ಮ. ಅವ್ರದು ಆಗಿ, ಹುಡುಗ್ರದು ಆಗಿ, ನಿಂದು ಆಗಿ, ನಾ ಹೋಗೋವಾಗ ಬೆಂಕಿ ಆರಿರ್ತೈತೆ. ಬಕೇಟಿಗೆ ಬಿಟ್ಕೊಂಡಿದ್ದು ಉಗುರು ಬೆಚ್ಚಗೆ. ಮತ್ತ ಉರಿ ಹಾಕ್ಕೊಂತ ಕುಂತ್ರೆ ರೊಟ್ಟಿ ಬಡಿಯೋರು ಯಾರು? ನನಗೆ ಹಾಕೋರು ಯಾರು?"

ದೂರು ಹೇಳುವ ದನಿಯಲ್ಲ. ಮಳೆ ಬಂತು, ಬಿಸಿಲು ಬಂತು ಅನ್ನುವ ದನಿ. ನಾನು ಕಾಫಿ ಲೋಟ ಕೆಳಗಿಟ್ಟೆ. ಸ್ಟೂಲಿನ ಮೇಲೆ ಕೂತು ಪಂಚೆ ಹಿಂಡುತ್ತಿದ್ದ ಮಾವನವರು ಹೆಂಡತಿಯ ಕಡೆ ತಿರುಗಿದರು. "ಅಲ್ಲೇ, ಒಂದು ಮಾತು ಹೇಳಬಾರದಿತ್ತಾ?" ಅಂದರು.

"ಹೇಳಿದ್ನಲ್ರಿ. ಬಿಸಿನೀರು ಇಲ್ದಿದ್ರೆ ಬರಂಗಿಲ್ಲ ಅಂತ."

ಇಲ್ಲಿಗೆ ಮಾವ ಪೂರ್ತಿ ಬದಲಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಮನೆಗೆ ಬಂದ ಮಾರನೆಯ ದಿನವೇ ಮತ್ತೆ ಹಳೆಯ ಪಾಳಿ. ಬೆಳಗಿನ ಗಡಿಬಿಡಿಯಲ್ಲಿ ಮಾವ ಒಳಗೆ, ಅತ್ತೆ ಹೊರಗೆ. ನಾನಾದರೂ ಪಾಳಿ ಬಿಟ್ಟುಕೊಡಲು ಹೋದರೆ, "ಬಸ್ ತಪ್ಪಿಸ್ಕೊಂತೀ, ನಡಿ ನಡಿ" ಎಂದು ನೂಕುತ್ತಿದ್ದರು. ಹಾಗಂತ ಅತ್ತೆ ಸುಮ್ಮನೆ ಕೂರಲಿಲ್ಲ. ಹೊಸಿಲು ದಾಟದವರು ತಿಂಗಳಿಗೊಂದು ಸಲ, "ಎಲ್ಲಾದ್ರೂ ಹೋಗಿ ಬರೋಣ ನಡೀರಿ" ಅನ್ನತೊಡಗಿದರು. ಹಂಪಿಯಾಯಿತು, ಬಾದಾಮಿಯಾಯಿತು, ಕೂಡಲಸಂಗಮವಾಯಿತು. ಎಲ್ಲಿ ಹೋದರೂ ಮುಂಜಾನೆ ಸ್ಟೂಲಿನ ಮೇಲೆ ಮಾವ, ಒಳಗೆ ಅತ್ತೆ, ಅದೇ ಪ್ರಶ್ನೆ, ಅದೇ ಉತ್ತರ. ಹಂಪಿ ಹೇಗಿತ್ತು ಎಂದು ಯಾರೋ ಕೇಳಿದ್ದಕ್ಕೆ ಅತ್ತೆ, "ನೀರು ಬಾಳ ಚಲೋ ಕಾದಿತ್ತು" ಅಂದರು. ಮಾವ ನನ್ನ ಕಡೆ ತಿರುಗಿ ಮೆಲ್ಲಗೆ, "ಇಕಿ ಊರು ನೋಡಾಕೆ ಬರಲ್ಲಮ್ಮ, ಜಳಕಕ್ಕೆ ಬರ್ತಾಳೆ" ಅಂದರು. ಸೊಂಟನೋವೆಂದು ಗೊಣಗುತ್ತಿದ್ದರು, ಆದರೆ ಒಂದು ಪ್ರವಾಸವನ್ನೂ ತಪ್ಪಿಸಲಿಲ್ಲ.

ಈಗ ಇಬ್ಬರೂ ಇಲ್ಲ. ಆ ಮನೆಯೂ ಇಲ್ಲ. ಈ ಮನೆಯ ಬಚ್ಚಲಲ್ಲಿ ಒಂದು ಪುಟ್ಟ ಗೀಸರ್ ಇದೆ, ಯಾರೂ ಹೊರಗೆ ನಿಂತು ಸುರಿಯಬೇಕಾಗಿಲ್ಲ. ಒಬ್ಬರ ಸ್ನಾನಕ್ಕೆ ಅದರ ಬಿಸಿ ಮುಗಿಯುತ್ತದೆ, ಮತ್ತೆ ಕಾಯಲು ಹೊತ್ತು ಬೇಕು. ಮೊದಲು ಯಜಮಾನರು, ಆಮೇಲೆ ಕಾಲೇಜಿಗೆ ಹೋಗುವ ಮಗಳು, ಕೊನೆಗೆ ನಾನು. ಮೊನ್ನೆ ಆ ಹೊಗೆಯಲ್ಲಿ ನಗುತ್ತಾ ನಿಂತಿದ್ದಾಗ ಈ ಪಾಳಿ ನೆನಪಾಗಿ ನನ್ನ ನಗು ನಿಂತಿತು. ನೋಡಿ, ಯಾರೂ ನನಗೆ ಕೊನೆಗೆ ಹೋಗು ಅಂದಿಲ್ಲ. ಅತ್ತೆಗೂ ಯಾರೂ ಅಂದಿರಲಿಲ್ಲ.

ಒಳಗೆ ಬಂದು, ಟವೆಲ್ಲು ಹೆಗಲಿಗೆ ಹಾಕಿ ಬಚ್ಚಲಿಗೆ ಹೊರಟಿದ್ದ ಯಜಮಾನರ ಕೈಗೆ ಹಾಲಿನ ಪಾಕೀಟು ಕೊಟ್ಟೆ. ಅವರಿಗಿಂತ ಮೊದಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈ ಇಟ್ಟರೆ ಸುಡುವ ನೀರು. ಒಂದು ಬಕೇಟು ಮುಗಿಯಿತು. ಗೀಸರಿನ ದೀಪ ಮತ್ತೆ ಹತ್ತಿ ಆರುವ ತನಕ ಕಾದು ಇನ್ನೊಂದು ಬಕೇಟಿಗೆ ಬಿಟ್ಟೆ. ಬಾಗಿಲು ಬಡಿದ ಸದ್ದಾಯಿತು.

"ಏನೇ, ಇನ್ನಾ ಆಗ್ಲಿಲ್ಲೇನು? ಸಾಕಾಗ್ಲಿಲ್ಲೇನು ನೀರು?"

"ನಾ ಸಾಕು ಅಂದ್ನೇನ್ರಿ?" ಅಂದೆ.

ಬಾಗಿಲು ಬಡಿಯುವುದು ನಿಂತಿತು. ಆಮೇಲೆ ಯಜಮಾನರು ಮೆಲ್ಲಗೆ, "ಅವ್ವನ ದನಿ ಕೇಳಿದಂಗಾತು" ಅಂದರು. ಅಡುಗೆಮನೆಯ ಕಡೆ ಹೋಗುತ್ತಾ, "ಮಾಡು ಮಾಡು. ನಾ ಹಾಲು ಕಾಸ್ತೀನಿ."