ಗೋಡೆಯ ಕಡೆ ಓಡದ ಸುರುಳಿ

ಅಂಬಣ್ಣನಿಗೆ ಕಾಸಾರಶಿರಸಿಯಲ್ಲಿ ಸೈಕಲ್ ಅಂಗಡಿ. ಆ ಸೀಮೆಯಲ್ಲಿ ಭೂಕಂಪವಾಗಿ ಐದು ವರ್ಷಕ್ಕೆ ಅವನ ಗೆಳೆಯ ದಿಗಂಬರ ಅಂಗಡಿಯಿಂದ ನಲವತ್ತು ಗಾಲಿಕಡ್ಡಿ, ಒಂದು ಹಳೆಯ ಟ್ಯೂಬು ಒಯ್ದ. ದಿಗಂಬರ ನಿಲಂಗಾದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಪಿಎಚ್.ಡಿ. ಅವನ ಒಂದೇ ಆಸೆ.

ಹಲಗೆಯ ಮೇಲೆ ಟ್ಯೂಬಿನ ಪಟ್ಟಿ ಬಿಗಿದು, ಕಡ್ಡಿಗಳನ್ನು ಸಾಲಾಗಿ ತೂಗುಬಿಟ್ಟ. ಪಟ್ಟಿಯ ತುದಿಯನ್ನು ಪೂರ್ತಿ ಒಂದು ಸುತ್ತು ತಿರುವಿದರೆ ನಡುವೆ ಒಂದು ಸುರುಳಿ ನಿಲ್ಲುತ್ತಿತ್ತು. ಅದು ಬಿಚ್ಚದು, ಕರಗದು, ಜರುಗಬಲ್ಲದು, ಅಷ್ಟೇ. ಅದಕ್ಕೆ ಸಾಲಿಟಾನ್ ಎಂದು ಹೆಸರು.

ಹಲಗೆಯನ್ನು ಅತ್ತಿತ್ತ ಸಮನಾಗಿ ಅಲುಗಿಸಿದರೆ ಸುರುಳಿ ಇದ್ದಲ್ಲೇ ನಡುಗುತ್ತಿತ್ತು. ಒಂದು ದಿನ ಹೆಂಡತಿ ಕಾಂತಾಬಾಯಿ ತೊಗರಿಬೇಳೆ ಕೇರುವುದನ್ನು ಅವನು ನೋಡುತ್ತ ಕೂತ. ಮೊರ ಎಲ್ಲಿಗೂ ಹೋಗುವುದಿಲ್ಲ. ಆದರೂ ಹರಳು ಒಂದೇ ಕಡೆ ಸರಿಯುತ್ತದೆ. ಕೈ ಹೋಗುವ ಬಗೆ ಬೇರೆ, ಬರುವ ಬಗೆ ಬೇರೆ. ಹಲಗೆಗೂ ಹಾಗೇ ಮಾಡಿದ: ಹೋಗುವಾಗ ಝಟ್ಟನೆ, ಬರುವಾಗ ನಿಧಾನ. ಸುರುಳಿ ಬಾಗಿಲ ಕಡೆ ಓಡಿತು. ಅದನ್ನೇ ತಿರುವುಮುರುವು ಮಾಡಿದಾಗ ಗೋಡೆಯ ಕಡೆ ಓಡಿತು.

ಪಿಎಚ್.ಡಿ. ಮಾರ್ಗದರ್ಶಕರು ಇದನ್ನು ನೋಡಲು ಉದಗೀರದಿಂದ ಮನೆಗೇ ಬಂದರು. ಸುರುಳಿ ಬಾಗಿಲ ಕಡೆ ಓಡಿದ್ದನ್ನು ಕಂಡು ನಕ್ಕರು.

"ಭೂಕಂಪದ ನೆಲ, ಮಾಸ್ತರ. ಇಳಿಜಾರ ಅದ, ಉರಳ್ಯದ."

ಅಲ್ಲೇ ಇದ್ದ ಅಂಬಣ್ಣ ಗೆಳೆಯನ ಕಿವಿಯಲ್ಲಿ, "ತಿರುವುಮುರುವು ಮಾಡಿ ತೋರ್ಸೋ, ಗ್ವಾಡಿ ಕಡಿ ಏರಿಗಿ ಓಡ್ಲಿ," ಎಂದ.

"ಉಣ್ಣದ ಅತಿಥಿಗಿ ಎದುರು ಮಾತಾಡ್ಲೇನು? ಊಟ ಆಗ್ಲಿ ತಡಿ."

ಆ ಮನೆಯ ರೀತಿಯೇ ಹಾಗಿತ್ತು. ಮಾರ್ಗದರ್ಶಕರು ನಾಲ್ಕು ಹೋಳಿಗೆ ಉಂಡರು, ಗಡಿಯಾರ ನೋಡಿದರು, ಉದಗೀರದ ಬಸ್ಸು ಹತ್ತಿದರು. 'ನೆಲ ಸೊಟ್ಟ, ಪ್ರಯೋಗ ಅಮಾನ್ಯ' ಎಂದು ಅವರ ಕಾಗದ ಬಂತು. ದಿಗಂಬರ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ, ಪರದೇಶದವರು ಇಂಥದನ್ನೇ ಬರೆದ ಪ್ರಬಂಧವೊಂದನ್ನು ದಿಗಂಬರನೇ ಅಂಗಡಿಗೆ ತಂದು ತೋರಿಸಿದ. "ಅವತ್ತಿನ ಅತಿಥಿ ಉಂಡು ಹೋದ, ಅಂಬಣ್ಣ. ನಾ ಉಪವಾಸ ಕುಂತೆ," ಎಂದು ನಕ್ಕ. ಆ ನಗು ಅಂಬಣ್ಣನಿಗೆ ಹಿಡಿಸಲಿಲ್ಲ.

ಹೋದ ತಿಂಗಳು ದಿಗಂಬರ ತೀರಿಕೊಂಡ. ಅಂಬಣ್ಣ ಹೊಸ ಟ್ಯೂಬು ಹಿಡಿದು ಅವನ ಮನೆಗೆ ಹೋದ. ಅಟ್ಟದ ಮೇಲಿನ ಹಲಗೆ ಇಳಿಸಿ, ಒಣಗಿ ಬಿರಿದ ಪಟ್ಟಿ ಕಿತ್ತು, ಹೊಸದು ಬಿಗಿದು ಕಡ್ಡಿ ತೂಗುಬಿಟ್ಟ. ತುದಿಯನ್ನು ಒಂದು ಸುತ್ತು ತಿರುವಿ, ಹಲಗೆಯನ್ನು ತಿರುವುಮುರುವಾಗಿ ಅಲುಗಿಸಿದ. ಸುರುಳಿ ಸದ್ದಿಲ್ಲದೆ ಗೋಡೆಯ ಕಡೆ ಓಡಿತು.

ಕಾಂತಾಬಾಯಿ ಬಗ್ಗಿ ಕಡ್ಡಿಗಳನ್ನು ನೋಡಿದಳು.

"ಇದಿಷ್ಟೇ ತೋರ್ಸೂದು ಇತ್ತೇನ್ರೀ, ಅಣ್ಣಾರ? ನನಗ ಒಂದ ಮಾತ ಹೇಳಿದ್ರ ಅವತ್ತ ಹೋಳಿಗಿ ಸುಡೂದು ಹತ್ತ ನಿಮಿಷ ತಡಾ ಮಾಡಿ ಅವರ ಬಸ್ಸ ತಪ್ಪಸ್ತಿದ್ದೆ."