ಉಪ್ಪು ಹಾಕದ ಅಡಿಗೆ

ಮೊನ್ನೆ ಭಾನುವಾರ ಮಗಳು ಅನ್ನ ಹುರಿಯುತ್ತೇನೆಂದು ಒಲೆಯ ಮುಂದೆ ನಿಂತು ಕರಿ ಸಾಸಿನ ಬಾಟಲಿಯ ಮುಚ್ಚಳ ತಿರುವಿದಳು. ನಾನು ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಆ ವಾಸನೆ ಬಾಗಿಲು ದಾಟಿ ಬಂದದ್ದೇ ತಡ, ಕೈ ಹಾಗೇ ನಿಂತಿತು. ಹುಳಿಯೂ ಅಲ್ಲದ, ಸುಟ್ಟ ಬೆಲ್ಲವೂ ಅಲ್ಲದ ಒಂದು ಮಂದ ವಾಸನೆ ಅದು. ಇಪ್ಪತ್ತು ವರ್ಷ ಕಳೆದರೂ ಮೂಗಿಗೆ ಬಡಿದರೆ ಎದೆ ಝಲ್ಲೆನ್ನುತ್ತದೆ. ಹಾವು ಕಂಡು ಬೆಚ್ಚಿದವರನ್ನು ನೀವು ನೋಡಿರುತ್ತೀರಿ. ಸಾಸು ಕಂಡು ಬೆಚ್ಚುವವಳು ಬಹುಶಃ ನಾನೊಬ್ಬಳೇ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ. ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಯಲ್ಲಿ ನಾನು, ಯಜಮಾನರು, ಪುಟ್ಟ ಮಗಳು ಮತ್ತು ನಮ್ಮ ಅತ್ತೆ, ಮಗಳ ಬಾಯಲ್ಲಿ ಆಯಿ. ಅತ್ತೆ ಯಂಕಂಚಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರು. ಸಾಲಿಯ ಮುಖ ನೋಡಿದವರಲ್ಲ. ಆದರೆ ಓಣಿಯಲ್ಲಿ ಯಾರ ಮನೆಯ ಮದುವೆಯಿದ್ದರೂ ಸಾರಿನ ಹಂಡೆಯ ಹತ್ತಿರ ಅವರನ್ನು ಕರೆದೊಯ್ಯುತ್ತಿದ್ದರು. ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ಕಣ್ಣು ಸಣ್ಣದು ಮಾಡಿ, "ಇನ್ನೊಂದ್ ಮುಷ್ಟಿ ಹಾಕ್ರಿ" ಎಂದೋ "ಸಾಕ್ ಬಿಡ್ರಿ" ಎಂದೋ ಹೇಳುತ್ತಿದ್ದರು. ಅವರ ಮಾತೇ ಕೊನೆ. ಚಮಚೆ ಹಿಡಿದು ಅಳೆದು ಉಪ್ಪು ಹಾಕುವ ನನಗೆ ಇದು ಸ್ವಲ್ಪ ನಗು ತರಿಸುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚನ್ನೂ.

ಒಂದು ಬೇಸಿಗೆಯಲ್ಲಿ ಅವರಿಗೆ ತಲೆ ಸುತ್ತು ಬರಲು ಶುರುವಾಯಿತು. ಊರಿನ ಡಾಕ್ಟರು ಬಿ.ಪಿ. ನೋಡಿ, ಗುಳಿಗೆ ಬರೆದು, "ಉಪ್ಪ ಬಂದ್ ಮಾಡ್ರಿ" ಎಂದರು. ಇಂಥ ಆಜ್ಞೆಗಾಗಿ ನಾನು ಕಾದಿದ್ದೆನೋ ಏನೋ. ಮನೆಗೆ ಬಂದವಳೇ ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬಿ, ಅತ್ತೆಯೇ ಕುಟ್ಟಿಟ್ಟಿದ್ದ ಶೇಂಗಾ ಚಟ್ನಿ ಎಲ್ಲವನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದೆ. ಎಲ್ಲರ ಅಡಿಗೆಗೂ ಉಪ್ಪು ನಿಲ್ಲಿಸಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಓಡಾಡಿದೆ. ಅತ್ತೆ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸುತ್ತಿದ್ದರು. ಒಂದು ದಿನ ಮಾತ್ರ, "ತಂಗಿ, ಇದನ್ನ ಎಮ್ಮಿ ಮುಂದ ಇಟ್ರೂ ಮೂಸಿ ನೋಡಿ ಹೊಳ್ಳಿ ನಿಂದ್ರತೈತಿ" ಎಂದರು.

ತಿಂಗಳೊಪ್ಪತ್ತಿನಲ್ಲಿ ಅವರ ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನನಗೆ ಅಂಜಿಕೆಯಾಯಿತು. ಆಗಲೇ ಸಾಲೋಟಗಿ ಕಡೆಯಿಂದ ವರ್ಗವಾಗಿ ಬಂದಿದ್ದ ಶಶಿಕಲಾ ಎಂಬ ಟೀಚರು ಮಧ್ಯಾಹ್ನದ ಡಬ್ಬಿಯಲ್ಲಿ ಕಂದು ಬಣ್ಣದ ಹುರಿದ ಅನ್ನ ತಂದಿದ್ದರು. ಒಂದು ತುತ್ತು ತಿಂದೆ. ನಾಲಿಗೆ ಎದ್ದು ಕೂತಿತು.

"ಇದಕ್ಕ ಏನ್ ಹಾಕೀರಿ?" ಎಂದು ಕೇಳಿದೆ.

"ಏನಿಲ್ರಿ, ಮೂರ್ ಬಾಟ್ಲಿ. ಕೆಂಪು, ಹಸಿರು, ಕರಿ. ಬಸ್ ಸ್ಟ್ಯಾಂಡ್ ಮುಂದಿನ ಅಂಗಡ್ಯಾಗ ಬಂದಾವು. ಅವನ್ನ ಹಾಕಿದ್ರ ಬ್ಯಾರೆ ಏನೂ ಬೇಕಾಗಂಗಿಲ್ಲ."

ಬೇರೆ ಏನೂ ಬೇಕಾಗುವುದಿಲ್ಲ. ಆ ಮಾತನ್ನು ನಾನು ಹಿಡಿದುಕೊಂಡೆ. ಸಂಜೆಯೇ ಮೂರು ಬಾಟಲಿ ಮನೆಗೆ ಬಂದವು. ಬದನೆಕಾಯಿ ಎಣ್ಣೆಗಾಯಿಗೆ ಕೆಂಪು ಸಾಸು, ಕಡಲೆಹಿಟ್ಟಿನ ಝುಣಕಕ್ಕೆ ಹಸಿರು, ತೊಗರಿಬೇಳೆಗೆ ಕರಿ. ಕರಿ ಸಾಸು ಬಿದ್ದ ಬೇಳೆ ಹೇಗಿದ್ದೀತು, ನೀವೇ ಎಣಿಸಿಕೊಳ್ಳಿ. ಆದರೆ ಆ ದಿನ ಯಜಮಾನರು ಬಟ್ಟಲು ಎತ್ತಿ ಕುಡಿದರು. ಅತ್ತೆ ಎರಡು ರೊಟ್ಟಿ ಉಂಡರು. ನಾನು ಬೀಗಿದೆ. ಒಂದು ಹರಳು ಉಪ್ಪು ಹಾಕಿರಲಿಲ್ಲ, ಆದರೂ ಅಡಿಗೆ ಸಪ್ಪಗಿರಲಿಲ್ಲ. ಅದು ಏಕೆ ಸಪ್ಪಗಿಲ್ಲ ಎಂದು, ವರ್ಷವರ್ಷ ಕರಿಹಲಗೆಯ ಮೇಲೆ ಉಪ್ಪಿನ ಸೂತ್ರ ಬರೆಸುತ್ತಿದ್ದ ವಿಜ್ಞಾನದ ಅಕ್ಕೋರಿಗೆ ಒಮ್ಮೆಯೂ ಹೊಳೆಯಲಿಲ್ಲ. ಟೀಚರುಗಳ ಕೋಣೆಯಲ್ಲಿ ಈ ಉಪಾಯವನ್ನು ಎಲ್ಲರಿಗೂ ಹೇಳಿಕೊಂಡು ಬಂದೆ.

ವಾರ ಕಳೆದಿರಬೇಕು. ಅತ್ತೆ ಊಟದ ನಡುವೆ ಬೆರಳು ನೆಕ್ಕಿ ಕಣ್ಣು ಸಣ್ಣದು ಮಾಡಿದರು.

"ತಂಗಿ, ಇದ್ರಾಗ ಉಪ್ಪ ಭಾಳ ಆಗೇತಿ."

"ನಾ ಹಾಕೇ ಇಲ್ರಿ ಅತ್ತ್ಯಾರ."

"ಆಗೇತಿ ಅಂತೀನಿ."

"ಅದು ಹುಳಿ ರುಚಿರಿ. ಭಾಳ ದಿನ ಸಪ್ಪನ ಉಂಡೀರಿ, ನಾಲಿಗಿಗೆ ಹಂಗ ಅನಸ್ತೈತಿ."

ನಾಲಿಗೆಯ ಯಾವ ಭಾಗ ಯಾವ ರುಚಿ ಹಿಡಿಯುತ್ತದೆ ಎಂಬ ಪಾಠವನ್ನೂ ಮಾಡಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಓದಿದಾಕಿ ನೀನು" ಎಂದು ಉಣ್ಣತೊಡಗಿದರು. ಆಮೇಲೆ ಇನ್ನೆರಡು ಸಲ ಹೇಳಿದರು. ಕಾಲು ಬಾತಿವೆ ಎಂದಾಗ, ಓಣಿ ತಿರುಗುವುದು ಕಡಿಮೆ ಮಾಡಿ ಎಂದೆ. ಹತ್ತು ಸಲ ನೀರು ಕುಡಿಯುತ್ತಿದ್ದಾಗ, ಬಿಸಿಲು ಎಂದೆ. ನನ್ನ ಹತ್ತಿರ ಎಲ್ಲಕ್ಕೂ ಉತ್ತರವಿತ್ತು.

ಐದನೆಯ ತಿಂಗಳಲ್ಲಿ ಒಂದು ಮುಂಜಾನೆ ನಾನು ಸಾಲಿಗೆ ಹೊರಟಿದ್ದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ನಿಂತಿತು. ತಿರುಗಿ ನೋಡಿದರೆ ಬಲಗೈ ಹಿಟ್ಟಿನ ಮೇಲೆ ಬಿದ್ದುಕೊಂಡಿತ್ತು. ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ನನ್ನನ್ನು ಕರೆಯಲು ಹೋಗಿ ಬರಿ ಒಂದು ಗೊಗ್ಗರು ದನಿ ಬಂತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾದರೂ ನಾನು ನಿಂತಲ್ಲೇ ನಿಂತಿದ್ದೆ. ಯಜಮಾನರು ಓಡಿ ಬಂದು ಅವರನ್ನು ಎತ್ತಿದರು.

ಜೀಪು ಮಾಡಿಕೊಂಡು ಬಿಜಾಪುರಕ್ಕೆ ಒಯ್ದೆವು. ಲಕ್ವಾ ಹೊಡೆದಿದೆ, ಜೀವಕ್ಕೆ ಸದ್ಯ ಭಯವಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಊಟದ ವಿಚಾರ ಕೇಳಿದರು.

"ಉಪ್ಪ ಎಷ್ಟ್ ಹಾಕ್ತೀರಿ?"

"ಐದ್ ತಿಂಗಳಾತ್ರಿ, ಒಂದ್ ಹರಳ ಸೈತ ಹಾಕಿಲ್ಲ."

"ಹಂಗಾರ ಅವರಿಗೆ ಊಟ ಹೆಂಗ ಹೋಗ್ತೈತಿ?"

ಆ ಹೊತ್ತಿನಲ್ಲೂ ನನಗೆ ಹೆಮ್ಮೆ ಇತ್ತು ನೋಡಿ. ಮೂರು ಬಾಟಲಿಯ ಕಥೆ ಹೇಳಿದೆ. ಯಾವುದಕ್ಕೆ ಯಾವುದು, ಎಷ್ಟೆಷ್ಟು ಚಮಚೆ ಎಂದೂ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು.

"ಬಾಟ್ಲಿ ಹಿಂದಿನ ಚೀಟಿ ಓದೀರೇನು?"

"ಇಲ್ರಿ."

"ಮನಿಗೆ ಹೋದಾಗ ಓದ್ರಿ."

ಮರುದಿನ ಬಟ್ಟೆ-ಅರಿವೆ ತರಲು ಸಿಂದಗಿಗೆ ಬಂದೆ. ಅಡಿಗೆಮನೆಯಲ್ಲಿ ಹಿಟ್ಟು ಪರಾತದಲ್ಲಿ ಹಾಗೇ ಒಣಗಿತ್ತು. ಕರಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇರುವೆಯಂಥ ಇಂಗ್ಲಿಷ್ ಅಕ್ಷರ. ನೀರು, ಸೋಯಾ ಕಾಳು, ಮೂರನೆಯದು ಉಪ್ಪು. ಹಸಿರು ಬಾಟಲಿ ತಿರುಗಿಸಿದೆ, ಅದರಲ್ಲೂ ಉಪ್ಪು. ಕೆಂಪಿನಲ್ಲೂ ಉಪ್ಪು. ಅಲ್ಲೇ ನೆಲಕ್ಕೆ ಕೂತೆ. ಕರಿ ಸಾಸನ್ನು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದೆ. ಬೇರೆ ಏನನ್ನೂ ಬೆರೆಸದೆ ಅದನ್ನು ಬಾಯಿಗಿಟ್ಟದ್ದು ಅದೇ ಮೊದಲು. ಬರೀ ಉಪ್ಪು. ನಾಲಿಗೆ ಸೆಟೆದುಕೊಳ್ಳುವಷ್ಟು ಉಪ್ಪು. ಚಿಟಿಕೆ ಚಟ್ನಿಯನ್ನು ಬೀಗ ಹಾಕಿ ಕಾದವಳು, ಚಮಚೆಗಟ್ಟಲೆ ಇದನ್ನು ಸುರಿದು ಉಣ್ಣಿಸಿದ್ದೆ.

ಇದರಿಂದಲೇ ಆಯಿತೆಂದು ಹೇಳಲು ಬರುವುದಿಲ್ಲ, ವಯಸ್ಸೂ ಇದೆ ಎಂದು ಡಾಕ್ಟರು ಆಮೇಲೆ ಸಮಾಧಾನ ಮಾಡಿದರು. ಯಜಮಾನರು ನೋಡಲು ಬಂದವರಿಗೆಲ್ಲ, "ಆವಾಗ ಯಾರಿಗೆ ಗೊತ್ತಿತ್ರಿ" ಎಂದರು. ನನ್ನನ್ನು ಉಳಿಸಲು ಆಡಿದ ಮಾತು ಅದು. ನಾನೂ ಅದನ್ನೇ ಹಿಡಿದುಕೊಂಡೆ.

ಎರಡು ತಿಂಗಳಲ್ಲಿ ಅತ್ತೆಗೆ ಮಾತು ತೊದಲುತ್ತ ಮರಳಿತು. ಬಲಗೈ ಮರಳಲಿಲ್ಲ. ಒಂದು ಮಧ್ಯಾಹ್ನ ಅವರಿಗೆ ಗಂಜಿ ಕುಡಿಸುತ್ತ, ತಡೆಯಲಾರದೆ, ಬಾಟಲಿಯಲ್ಲಿ ಇದ್ದದ್ದನ್ನು ಹೇಳಿಬಿಟ್ಟೆ. ಬೈಯಲಿ ಎಂದೇ ಹೇಳಿದೆ. ಅವರು ಗುಟುಕು ನುಂಗಿ, ಬಹಳ ಹೊತ್ತು ಹುಡುಕಿ ಮಾತು ಕೂಡಿಸಿದರು.

"ನಾ... ಹೇಳಿದ್ನಲ್ಲ ತಂಗಿ."

ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ. ಮಳೆ ಬರುತ್ತದೆ ಎಂದು ಹೇಳಿದ್ದೆ, ಬಂತು ಎನ್ನುವ ಧಾಟಿ. ಹೇಳಿ ಮುಂದಿನ ಚಮಚೆಗೆ ಬಾಯಿ ತೆರೆದರು. ಅಂದು ನಾನು ನಡುಗಿದಷ್ಟು, ಅವರ ಕೈ ಹಿಟ್ಟಿನ ಮೇಲೆ ಬಿದ್ದದ್ದನ್ನು ಕಂಡ ದಿನವೂ ನಡುಗಿರಲಿಲ್ಲ. ಅವರು ಮುಂದೆ ನಾಲ್ಕು ವರ್ಷ ಬದುಕಿದರು. ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಯಾರ ಮುಂದೆಯೂ ಹೇಳಲಿಲ್ಲ.

ಮೊನ್ನೆ ಮಗಳು ಬಂದು ನನ್ನ ಪಕ್ಕ ಕೂತಳು. "ಯಾಕ ಅವ್ವ, ಮುಖ ಹಿಂಗ ಆಗೇತಿ?"

ಬಾಟಲಿಗಳ ಕಥೆ ಅವಳಿಗೆ ಅಷ್ಟಿಷ್ಟು ಗೊತ್ತು, ಅಪ್ಪ ಹೇಳಿದಷ್ಟು. ನಾನು ಮತ್ತೆ ಮೆಂತ್ಯ ಸೋಸತೊಡಗಿದ್ದು ನೋಡಿ ತಾನೇ ಸಮಾಧಾನಕ್ಕೆ ಇಳಿದಳು. "ಇರ್ಲಿ ಬಿಡ. ಆವಾಗ ಯಾರಿಗೂ ಗೊತ್ತಿರ್ಲಿಲ್ಲ."

ಹೌದೆಂದು ತಲೆಯಾಡಿಸಿ ಸುಮ್ಮನಾಗುವುದು ನನಗೆ ರೂಢಿಯಾಗಿತ್ತು. ಅಂದು ಯಾಕೋ ತಲೆ ಆಡಲಿಲ್ಲ.

"ಗೊತ್ತಿತ್ತು," ಎಂದೆ. "ನಿಮ್ಮ ಆಯಿಗೆ ಗೊತ್ತಿತ್ತು. ಮೂರ್ ಸಲ ಹೇಳಿದ್ರು. ನಾ ಕೇಳ್ಲಿಲ್ಲ."